ಗುಡ್ಡ ಹತ್ತಿಸುವ ಮಾತಿದೆ, ಕಾಲು ಗಟ್ಟಿ ಮಾಡುವ ಮಾತಿಲ್ಲ

ಅಂಜನಾದ್ರಿಗೆ ರೋಪ್‌ವೇ ಯಾವಾಗ? ಕೊಪ್ಪಳ ಜಿಲ್ಲೆಯಲ್ಲಿ ಹಿರಿಯರ ವಿಷಯ ಎತ್ತಿದರೆ ಮಾತು ಕೊನೆಗೆ ಬಂದು ನಿಲ್ಲೋದು ಈ ಪ್ರಶ್ನೆಗೇ. 2022ರ ರಾಜ್ಯ ಬಜೆಟ್‌ನಲ್ಲಿ ಬೆಟ್ಟದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಘೋಷಣೆಯಾಯಿತು. ಆಮೇಲೆ ಸರ್ಕಾರ ಬದಲಾಯಿತು, ರೋಪ್‌ವೇ ಮಾತು ಮಾತ್ರ ನಿಲ್ಲಲಿಲ್ಲ. ‘ವಯಸ್ಸಾದವರು 575 ಮೆಟ್ಟಿಲು ಹತ್ತೋದು ಹೆಂಗ್ರೀ?’ ಅನ್ನೋದೇ ಅದರ ಪರವಾಗಿರುವ ದೊಡ್ಡ ವಾದ.

ನ್ಯಾಯವಾದ ಪ್ರಶ್ನೆಯೇ. ನನಗೂ ಅರವತ್ತು ದಾಟಿ ನಾಲ್ಕು ವರ್ಷವಾಯ್ತು, ರೋಪ್‌ವೇ ಬೇಡ ಅನ್ನುವವನು ನಾನಲ್ಲ. ಸಂಧಿವಾತ ಇರುವವರು, ಹೃದಯದ ಆಪರೇಷನ್ ಆದವರು, ಅಂಗವಿಕಲರು ಅದನ್ನು ಹಕ್ಕಿನಿಂದ ಕೇಳಬೇಕು. ನನ್ನ ತಕರಾರು ಬೇರೆ. ಒಂದು ಮೆಟ್ಟಿಲು ಆರೂವರೆ ಇಂಚು ಅಂತ ಹಿಡಿದರೆ 575 ಮೆಟ್ಟಿಲು ಅಂದರೆ ಸುಮಾರು 95 ಮೀಟರ್, ಮೂವತ್ತು ಅಂತಸ್ತಿನ ಕಟ್ಟಡದ ಎತ್ತರ. ಕಡಿಮೆಯೇನಲ್ಲ. ಆದರೆ ನಲವತ್ತು ವರ್ಷದ ಹಿಂದೆ ಇದೇ ಸೀಮೆಯ ಅರವತ್ತೈದರ ಅಜ್ಜಂದಿರು ಮೆಟ್ಟಿಲೇ ಇಲ್ಲದ ಗುಡ್ಡ ಹತ್ತಿ, ಇಳಿದು, ಹೆಗಲ ಮೇಲೆ ಭಾರ ಹೊತ್ತು ಮನೆಗೆ ಬರುತ್ತಿದ್ದರು. ಇವತ್ತಿನ ಅಜ್ಜನಿಗೆ ಅದು ಯಾಕೆ ಆಗ್ತಿಲ್ಲ ಅಂತ ಯಾರೂ ಕೇಳ್ತಿಲ್ಲ.

ಆ ಅಜ್ಜಂದಿರಲ್ಲಿ ಕುರಿಗಾರರಿದ್ದರು, ಕಟ್ಟಿಗೆ ತರುವವರಿದ್ದರು, ಬೇಟೆಗಾರರೂ ಇದ್ದರು. ಬೇಟೆ ಅಂದ ಕೂಡಲೇ ನಮಗೆ ಮಲೆನಾಡು, ಬಂದೂಕು, ಕಾಡುಹಂದಿ ನೆನಪಾಗುತ್ತೆ. ನಮ್ಮ ಬಯಲುಸೀಮೆಯ ಬೇಟೆ ಬಂಡೆಗುಡ್ಡಗಳ ನಡುವಿನದು: ಬಲೆ, ಬಡಿಗೆ, ನಾಯಿ, ಕಾಲು. ಗಂಗಾವತಿಯಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಹಿರೇಬೆಣಕಲ್ ಗುಡ್ಡದ ಮೇಲೆ ನೂರಾರು ಶಿಲಾಸಮಾಧಿಗಳಿವೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದ ತಾಣ ಅದು. ಆ ಸುತ್ತಿನ ಬಂಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಮನುಷ್ಯರು, ಪ್ರಾಣಿಗಳು, ಆಯುಧ ಹಿಡಿದವರು ಇದ್ದಾರೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ಅಷ್ಟು ದೊಡ್ಡ ಚಪ್ಪಡಿಗಳನ್ನು ಅಷ್ಟು ಮೇಲೆ ನಿಲ್ಲಿಸಿದ್ದಾರೆ. ಈಗ ಅದನ್ನು ನೋಡಲು ಬರುವವರಲ್ಲಿ ಎಷ್ಟೋ ಮಂದಿ ಅರ್ಧ ದಾರಿಯಲ್ಲೇ ಕುಂತು, ಫೋಟೋ ತೆಗೆಸಿಕೊಂಡು ಇಳಿದುಬಿಡ್ತಾರೆ.

ನಮ್ಮ ದೊಡ್ಡಪ್ಪ ಒಬ್ಬರು ಯುಗಾದಿ ಬೇಟೆಗೆ ಹೋಗುತ್ತಿದ್ದರು. ನಾನು ಹುಡುಗನಿದ್ದಾಗ ಅವರಿಗೆ ಅರವತ್ತರ ಆಸುಪಾಸು. ಹಬ್ಬ ತಿಂಗಳು ಇದೆ ಅನ್ನುವಾಗಲೇ ಅವರ ನಡವಳಿಕೆ ಬದಲಾಗುತ್ತಿತ್ತು. ಹೊಲಕ್ಕೆ ಬಂಡಿ ಹತ್ತುತ್ತಿರಲಿಲ್ಲ, ನಡೆದೇ ಹೋಗೋರು. ಊರ ಹಿಂದಿನ ಗುಡ್ಡಕ್ಕೆ ದಿನಾ ಹೋಗಿ ಒಂದು ಹೊರೆ ಕಟ್ಟಿಗೆ ತರೋರು, ಮನೆಯಲ್ಲಿ ಬೇಕಾದಷ್ಟು ಕಟ್ಟಿಗೆ ಇದ್ದರೂ. ಅದಕ್ಕೆ ವ್ಯಾಯಾಮ ಅಂತ ಅವರು ಹೆಸರಿಟ್ಟಿರಲಿಲ್ಲ, ‘ಕಾಲು ಹದ ಮಾಡ್ಕೊಳ್ಳೂದು’ ಅನ್ನೋರು. ‘ಹತ್ತೂದಕ್ಕ ದಮ್ಮು ಇದ್ರ ಸಾಕಲೇ ತಮ್ಮಾ, ಇಳಿಯೂದಕ್ಕ ತೊಡಿ ಬೇಕು’ ಅನ್ನೋದು ಅವರ ಮಾತು.

ಆ ಬೇಟೆ ನಿಂತಿದ್ದು ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಒಂದು ಮೊಲ ಹಿಡಿದರೂ ಅಪರಾಧವೇ. 2025ರ ಯುಗಾದಿ ಹೊತ್ತಿಗೆ ಪಕ್ಕದ ರಾಯಚೂರು ಜಿಲ್ಲೆಯಲ್ಲಿ ಮೊಲದ ಬೇಟೆ ನಡೆದು ಕೇಸಾಗಿ, ರಾಜ್ಯಕ್ಕೆಲ್ಲ ಸುದ್ದಿಯಾಗಿದ್ದು ಓದುಗರಿಗೆ ನೆನಪಿರಬಹುದು. ಸಂಪ್ರದಾಯದ ಹೆಸರಲ್ಲಿ ಅದನ್ನು ಸಮರ್ಥಿಸುವ ಇರಾದೆ ನನಗಿಲ್ಲ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗೇ ಒಂದು ಧಾಮ ಆಗಿದೆ. ತೋಳ ಉಳಿಯಬೇಕಾದರೆ ಮೊಲವೂ ಉಳಿಯಬೇಕು. ಬೇಟೆಯಿಂದಲೇ ಹೊಟ್ಟೆ ಹೊರೆಯುತ್ತಿದ್ದ ಹರಣಶಿಕಾರಿಗಳಂಥ ಸಮುದಾಯಗಳಿಗೆ ಬದಲಿ ಬದುಕು ಎಷ್ಟು ಸಿಕ್ಕಿತು ಅನ್ನೋದು ಬೇರೆಯೇ ಲೇಖನದ ವಿಷಯ, ಅದನ್ನಿಲ್ಲಿ ಬಿಡ್ತೀನಿ. ಇಲ್ಲಿ ಹೇಳಬೇಕಾದ್ದು ಇಷ್ಟು: ಬೇಟೆ ಹೋಯಿತು, ಅದರ ಜೊತೆ ವರ್ಷಕ್ಕೊಮ್ಮೆಯಾದರೂ ಮುದುಕರ ಮೈಯನ್ನು ಪರೀಕ್ಷೆಗೆ ಒಡ್ಡುತ್ತಿದ್ದ ಆ ತಿಂಗಳ ತಯಾರಿಯೂ ಹೋಯಿತು. ಆ ಜಾಗಕ್ಕೆ ಬೇರೇನೂ ಬರಲಿಲ್ಲ. ಬಂದದ್ದು ಮೋಟರ್‌ಸೈಕಲ್ಲು.

ತಯಾರಿ ಇಲ್ಲದೆ ಗುಡ್ಡಕ್ಕೆ ಬಿದ್ದರೆ ಏನಾಗುತ್ತೆ ಅನ್ನೋದಕ್ಕೆ ಬೇಟೆಯ ಲೋಕದಿಂದಲೇ ಒಂದು ಪಾಠ ಇದೆ. ಅಮೆರಿಕದ ಮಿಷಿಗನ್‌ನಲ್ಲಿ ಜಿಂಕೆ ಬೇಟೆಗೆ ಕಾನೂನಿನ ಅನುಮತಿ ಇದೆ, ಅದಕ್ಕೊಂದು ಸೀಸನ್ ಇದೆ. ವರ್ಷವಿಡೀ ಕುರ್ಚಿಯಲ್ಲಿ ಕೂತವರು ಆ ಕೆಲವು ವಾರ ಮಾತ್ರ ಕಾಡು ಹೊಗ್ತಾರೆ. ಅಲ್ಲಿನ ವೈದ್ಯರು 25 ಗಂಡಸರ ಎದೆಗೆ ಇಸಿಜಿ ಯಂತ್ರ ಕಟ್ಟಿ ಬೇಟೆಗೆ ಕಳಿಸಿ ನೋಡಿದರು. ಆ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯ ಟ್ರೆಡ್‌ಮಿಲ್ ಮೇಲೆ ಕಂಡ ಗರಿಷ್ಠ ಎದೆಬಡಿತವನ್ನೂ ಹಲವರು ಕಾಡಿನಲ್ಲಿ ದಾಟಿದ್ದರು. ಏರು, ಉದ್ವೇಗ, ಭಾರ ಎಳೆಯೋದು ಎಲ್ಲ ಸೇರಿ ಹೃದಯದ ಮೇಲೆ ಬಿದ್ದಿತ್ತು. ವರ್ಷಕ್ಕೊಂದು ಸಲ ಅಂಜನಾದ್ರಿಗೆ ಬಂದು, ಉಪವಾಸದ ಹೊಟ್ಟೆಯಲ್ಲಿ, ನೂಕುನುಗ್ಗಲಿನಲ್ಲಿ, ‘ಒಂದೇ ಉಸುರಿಗೆ ಹತ್ತಿಬಿಡ್ತೀನಿ’ ಅನ್ನುವ ನಮ್ಮ ಅರವತ್ತೈದರ ಭಕ್ತನಿಗೂ ಆ ಬೇಟೆಗಾರನಿಗೂ ಹೃದಯದ ಲೆಕ್ಕದಲ್ಲಿ ಏನೂ ವ್ಯತ್ಯಾಸ ಇಲ್ಲ.

ಇನ್ನು ದೊಡ್ಡಪ್ಪ ಹೇಳಿದ ತೊಡೆಯ ಮಾತು. ಮೆಟ್ಟಿಲು ಇಳಿಯುವಾಗ ಮೊಣಕಾಲಿನ ಮೇಲೆ ಮೈತೂಕದ ಮೂರು ಪಟ್ಟಿಗೂ ಹೆಚ್ಚು ಭಾರ ಬೀಳುತ್ತೆ, ಹತ್ತುವಾಗಿನದಕ್ಕಿಂತ ತುಸು ಹೆಚ್ಚೇ. ಆ ಭಾರವನ್ನು ತಡೆಹಿಡಿದು ನಿಧಾನಕ್ಕೆ ಇಳಿಸಬೇಕಾದ್ದು ತೊಡೆಯ ಮುಂಭಾಗದ ಸ್ನಾಯು. ಅದು ಸೊರಗಿದ್ದರೆ ಏಟೆಲ್ಲ ಕೀಲಿಗೆ. ಮೇಲೆ ಹೋಗುವಾಗ ಏದುಸಿರು ಬಿಡೋರನ್ನು ನೋಡಿ ನಾವು ಹೆದರ್ತೀವಿ, ಆದರೆ ಮುದುಕರು ಜಾರಿ ಬೀಳೋದು ಇಳಿಯುವಾಗ. ತೈವಾನ್‌ನಲ್ಲಿ 30 ಮಂದಿ ದಪ್ಪ ಮೈಯ ಹಿರಿಯ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬರೀ ಹತ್ತಲು, ಇನ್ನೊಂದಕ್ಕೆ ಬರೀ ಇಳಿಯಲು ಹೇಳಿದರು. ವಾರಕ್ಕೆ ಎರಡು ಸಲ, 12 ವಾರ. ವಾಪಸು ಬರೋಕೆ ಲಿಫ್ಟು. 2017ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರಿಗೂ ಆಶ್ಚರ್ಯ ತಂದಿತು: ತೊಡೆಯ ಬಲ ಹೆಚ್ಚು ಬೆಳೆದಿದ್ದು ಇಳಿದವರದು. ಅಭ್ಯಾಸವಿಲ್ಲದವನ ಮೊಣಕಾಲನ್ನು ಹಾಳು ಮಾಡುವ ಅದೇ ಇಳಿಜಾರು, ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಕೊಂಡವನ ಕಾಲನ್ನು ಕಟ್ಟುತ್ತೆ.

‘ಈ ವಯಸ್ಸಿನಾಗ ಇನ್ನೇನು ಬಲ ಬರತೈತ್ರೀ’ ಅನ್ನೋ ಮಾತನ್ನು ಕಟ್ಟೆಯ ಮೇಲೆ ದಿನಾ ಕೇಳ್ತೀನಿ. 1990ರಲ್ಲೇ ಇದಕ್ಕೆ ಉತ್ತರ ಸಿಕ್ಕಿದೆ. ಬಾಸ್ಟನ್‌ನ ಒಂದು ವೃದ್ಧಾಶ್ರಮದಲ್ಲಿ 86ರಿಂದ 96 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿಗೆ ಭಾರ ಕಟ್ಟಿ ಎತ್ತಿಸಿದರು. ಒಬ್ಬರು ನಡುವೆ ಬಿಟ್ಟರು. ಉಳಿದವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ತೊಂಬತ್ತರಲ್ಲಿ ಆಗೋದು ಅರವತ್ತೈದರಲ್ಲಿ ಆಗಲ್ಲವೇ?

ಆದರೆ ಬಾಸ್ಟನ್ ಲೆಕ್ಕವನ್ನು ಹಾಗೇ ತಂದು ನಮ್ಮ ಏಳು ತಾಲೂಕಿಗೆ ಒಪ್ಪಿಸೋಕೆ ಆಗಲ್ಲ. ಇಲ್ಲಿ ಒಂದೊಂದು ಕಡೆ ಕಾಲು ಒಂದೊಂದು ಕಾರಣಕ್ಕೆ ಸೋಲ್ತಿದೆ.

ಕುಷ್ಟಗಿ, ಯಲಬುರ್ಗಾದ ಕಡೆ ಅದು ನೀರು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ ಒಂದೂವರೆ, ಅದಕ್ಕಿಂತ ಮೇಲೆ ಸಲ್ಲದು ಅನ್ನುತ್ತೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ಇಪ್ಪತ್ತು ಮೂವತ್ತು ವರ್ಷ ಕುಡಿದವರ ಎಲುಬಿನಲ್ಲಿ, ಕೀಲಿನ ಸುತ್ತಿನ ನಾರಿನಲ್ಲಿ ಅದು ಕೂತುಬಿಡುತ್ತೆ. ಬೆನ್ನು ಬಾಗಲ್ಲ, ಕತ್ತು ತಿರುಗಲ್ಲ, ಕುಂತರೆ ಏಳೋಕಾಗಲ್ಲ. ಕೂತದ್ದು ವಾಪಸು ಹೋಗಲ್ಲ. ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತೆ ಅನ್ನೋ ನಂಬಿಕೆ ಇನ್ನೂ ಇದೆ. ಕುದಿಸಿದರೆ ನೀರು ಕಡಿಮೆಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತೆ, ಅಷ್ಟೇ. ಕೃಷ್ಣಾ ನದಿಯ ನೀರನ್ನು ಈ ಹಳ್ಳಿಗಳಿಗೆ ತರುವ ಬಹುಗ್ರಾಮ ಯೋಜನೆ, ಶುದ್ಧ ನೀರಿನ ಘಟಕಗಳು ಬಂದಿವೆ. ಆದರೆ ಪೈಪ್ ಒಡೆದ ದಿನ, ಘಟಕ ಕೆಟ್ಟ ವಾರ ಜನ ಮತ್ತೆ ಬೋರಿಗೇ ಹೋಗ್ತಾರೆ. ಇಂಥ ಊರಿನ ಎಪ್ಪತ್ತರ ಅಜ್ಜಿಗೆ ‘ದಿನಾ ವಾಕಿಂಗ್ ಮಾಡಬೇ’ ಅಂತ ಹೇಳಿ ಕಳಿಸುವ ಡಾಕ್ಟರಿಗೆ ನಾಚಿಕೆಯಾಗಬೇಕು. ಅವಳ ಕಾಲಿನ ಮಾತು ನಳದಿಂದ ಶುರುವಾಗಬೇಕು.

ಗಂಗಾವತಿ ಕಡೆ ನದಿ ಇದೆ, ಕಾಲುವೆ ಇದೆ, ಭತ್ತ ಇದೆ. ಅಲ್ಲಿ ಸೋಲು ಬೇರೆ ಥರದ್ದು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಮೂರು ಹೊತ್ತೂ ಅನ್ನ. ನಾಟಿ ಬಿಟ್ಟರೆ ಉಳಿದ ಕೆಲಸಕ್ಕೆಲ್ಲ ಯಂತ್ರ. ಕಟಾವಿನ ಯಂತ್ರ ಹೊಲದಲ್ಲಿ ಓಡುವಾಗ ಯಜಮಾನ ಬದುವಿನ ಮೇಲೆ ಬೈಕ್ ನಿಲ್ಲಿಸಿ ಕುಂತಿರ್ತಾನೆ. ಸಕ್ಕರೆ ಕಾಯಿಲೆ, ಹೊಟ್ಟೆ, ಮೊಣಕಾಲು ನೋವು ಒಂದೇ ಬಸ್ಸಿನಲ್ಲಿ ಬಂದಿಳಿದಿವೆ. ಮೂವತ್ತರ ನಂತರ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತೆ, ಅರವತ್ತರ ಮೇಲೆ ಇನ್ನೂ ಬೇಗ. ಬಳಸದಿದ್ದರೆ ಕೇಳಲೇಬೇಡಿ.

ಕೊಪ್ಪಳ ನಗರದ ಸುತ್ತ ಹೊಗೆ. ನಡೆಯೋಣ ಅಂತ ನಸುಕಿನಲ್ಲಿ ಎದ್ದರೆ ಮನೆ ಮುಂದಿನ ಕಟ್ಟೆಯ ಮೇಲೆ ಕರಿ ಧೂಳು. ಕಾರ್ಖಾನೆ ವಿಸ್ತರಣೆ ವಿರುದ್ಧ 2025ರ ಫೆಬ್ರವರಿ 24ರಂದು ಇಡೀ ಊರು ಬಂದ್ ಮಾಡಿ ಗವಿಮಠದ ಸ್ವಾಮೀಜಿ ಜೊತೆ ಬೀದಿಗಿಳಿದಿದ್ದು ಸುಮ್ಮನೆ ಅಲ್ಲ. ಆ ಮೆರವಣಿಗೆಯಲ್ಲಿ ನಡೆದವರಲ್ಲಿ ತಲೆ ನರೆತವರು ಬಹಳ ಮಂದಿ ಇದ್ದರು.

ಇದರ ನಡುವೆ ಇನ್ನೊಂದು ಬದಲಾವಣೆ ಆಗಿದೆ, ಅದನ್ನು ಆರೋಗ್ಯದ ಕಣ್ಣಿಂದ ಯಾರೂ ನೋಡಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಹಳ್ಳಿಗಳ ಅರವತ್ತು ಎಪ್ಪತ್ತರ ಹೆಂಗಸರು ತಮ್ಮ ಪಾಡಿಗೆ ತಾವು ಊರು ಬಿಟ್ಟು ಹೊರಟಿದ್ದಾರೆ. ಹುಲಿಗೆಮ್ಮನ ಗುಡಿ ಸಮತಟ್ಟಿನಲ್ಲಿದೆ, ತೊಂದರೆ ಇಲ್ಲ. ಅಲ್ಲಿಂದ ಅಂಜನಾದ್ರಿಗೂ ಹೋಗ್ತಾರೆ. ಬಸ್ಸು ಪುಕ್ಕಟೆಯಾಗಿ ಗುಡ್ಡದ ಬುಡಕ್ಕೆ ತಂದು ಬಿಡುತ್ತೆ. ಅಲ್ಲಿಂದ ಮೇಲೆ ಅವರ ಮೊಣಕಾಲೇ ಗತಿ. ಬೇಟೆ, ಕುಸ್ತಿ, ಗರಡಿಮನೆ ಅಂತ ದೇಹಬಲದ ನಮ್ಮ ನೆನಪುಗಳೆಲ್ಲ ಗಂಡಸರವು. ಕೊಡ ಹೊತ್ತು, ಹೊರೆ ಹೊತ್ತು, ಬಗ್ಗಿ ಕಳೆ ಕಿತ್ತು ಸವೆದ ಈ ಹೆಂಗಸರ ಎಲುಬು ಮುಟ್ಟು ನಿಂತ ಮೇಲೆ ಇನ್ನಷ್ಟು ಟೊಳ್ಳಾಗುತ್ತೆ. ಜಾರಿ ಬಿದ್ದು ಸೊಂಟ ಮುರಿದರೆ ಮುಂದಿನದು ಹಾಸಿಗೆ. ಹಿರಿಯರ ಕಾಲ್ಬಲದ ಮಾತಾಡೋದಾದರೆ ಮೊದಲು ಇವರಿಂದ ಶುರು ಮಾಡಬೇಕು.

ಸರ್ಕಾರದ ಹತ್ತಿರ ಏನೂ ಇಲ್ಲ ಅಂತಲ್ಲ. ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮ 2010ರ ಹೊತ್ತಿಗೇ ಶುರುವಾಗಿದೆ, ಅದರಲ್ಲಿ ಫಿಸಿಯೋಥೆರಪಿಗೂ ಜಾಗವಿದೆ. ಹಳ್ಳಿಗಳಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರಗಳಿವೆ, ಅಲ್ಲೊಬ್ಬ ಸಮುದಾಯ ಆರೋಗ್ಯ ಅಧಿಕಾರಿ ಇರ್ತಾರೆ. ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುವ ‘ಗೃಹ ಆರೋಗ್ಯ’ವನ್ನು ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಆರಂಭಿಸಿತು. ಒಳ್ಳೆಯ ಕೆಲಸ. ಆದರೆ ನಾನು ಕಂಡ ತಪಾಸಣೆಗಳಲ್ಲಿ ಹಿರಿಯರನ್ನು ಕೂರಿಸಿ ರಕ್ತ ತೆಗೆದುಕೊಂಡರು, ಎದ್ದು ನಿಲ್ಲಿ ನೋಡೋಣ ಅಂತ ಯಾರೂ ಹೇಳಲಿಲ್ಲ.

ಅದಕ್ಕೆ ಯಂತ್ರ ಬೇಕಿಲ್ಲ. ಕೈ ಇಲ್ಲದ ಒಂದು ಕುರ್ಚಿ, ಒಂದು ಗಡಿಯಾರ. ಕೈಗಳನ್ನು ಎದೆ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರ್ತಾರೆ ಅಂತ ಎಣಿಸೋದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಅಳತೆ ಪ್ರಕಾರ 60ರಿಂದ 64ರ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಎದ್ದರೆ ಬೀಳುವ ಅಪಾಯ ಹೆಚ್ಚು. ಎಪ್ಪತ್ತರ ಆರಂಭದಲ್ಲಿ ಗಂಡಸರಿಗೆ 12, ಹೆಂಗಸರಿಗೆ 10. ಆಶಾ ಕಾರ್ಯಕರ್ತೆಯರ ಮೇಲೆ ಈಗಾಗಲೇ ಇರುವ ಹೊರೆ ಗೊತ್ತಿದ್ದೇ ಹೇಳ್ತಿದ್ದೀನಿ: ಇದಕ್ಕೆ ಅವರಿಗೆ ಬೇರೆ ದುಡ್ಡು ಕೊಡಿ, ಅಥವಾ ಆರೋಗ್ಯ ಅಧಿಕಾರಿಯೇ ಮಾಡಲಿ. ಎರಡು ನಿಮಿಷದ ಈ ಎಣಿಕೆಯಿಂದ ಯಾವ ಹಳ್ಳಿಯಲ್ಲಿ ಎಷ್ಟು ಮಂದಿಯ ಕಾಲು ಸೋತಿದೆ ಅನ್ನೋ ಲೆಕ್ಕ ಜಿಲ್ಲೆಗೆ ಮೊದಲ ಸಲ ಸಿಗುತ್ತೆ. ಫ್ಲೋರೈಡ್ ಇರುವ ಊರಿನ ಲೆಕ್ಕವನ್ನೂ ಇಲ್ಲದ ಊರಿನದನ್ನೂ ಪಕ್ಕಪಕ್ಕ ಇಟ್ಟರೆ ನೀರಿನ ಇಲಾಖೆಯವರಿಗೆ ಯಾರೂ ಬೇರೆ ಅರ್ಜಿ ಕೊಡಬೇಕಾಗಲ್ಲ.

ಎರಡನೆಯದು ಊಟ. ಅರವತ್ತು ಕೆಜಿ ತೂಕದ ಹಿರಿಯರಿಗೆ ದಿನಕ್ಕೆ 60ರಿಂದ 70 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ ವೃದ್ಧರ ಆರೋಗ್ಯದ ತಜ್ಞರು. ನಮ್ಮಲ್ಲಿ ಅಜ್ಜಿಯ ತಾಟಿನಲ್ಲಿ ಇರೋದು ಒಂದು ರೊಟ್ಟಿ, ಸ್ವಲ್ಪ ಅನ್ನ ಸಾರು. ತತ್ತಿ ಇದ್ದರೆ ಮೊಮ್ಮಗನಿಗೆ. ಹೆಸರುಕಾಳು, ಹುರಳಿ, ಶೇಂಗಾ, ಮೊಸರು ಎಲ್ಲ ಇಲ್ಲೇ ಬೆಳೆಯೋದು, ಇಲ್ಲೇ ಕರೆಯೋದು. ಪಡಿತರದ ಐದು ಕೆಜಿ ಅಕ್ಕಿ ಬದಲು ಬೇಳೆ, ಎಣ್ಣೆ ಇರುವ ಇಂದಿರಾ ಕಿಟ್ ಕೊಡಲು ರಾಜ್ಯ ಸಂಪುಟ 2025ರಲ್ಲಿ ತೀರ್ಮಾನಿಸಿದಾಗ ಅದರ ಮೇಲೆ ನಡೆದ ರಾಜಕೀಯದ ಗದ್ದಲದಲ್ಲಿ ಈ ಮಾತು ಮುಳುಗಿಹೋಯಿತು: ಆ ಬೇಳೆ ಹೆಚ್ಚು ಬೇಕಾಗಿರೋದು ಮನೆಯ ಮುದುಕರಿಗೆ.

ಅಭ್ಯಾಸದ ವಿಷಯಕ್ಕೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದು ಸರಳ. 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥದ್ದು, ಎರಡು ದಿನವಾದರೂ ಸ್ನಾಯು ಬಲಪಡಿಸುವಂಥದ್ದು, ಮೂರು ದಿನ ಸಮತೋಲನದ ಅಭ್ಯಾಸ. ನಮ್ಮ ಪಾರ್ಕುಗಳಲ್ಲಿ ಮೊದಲನೆಯದಷ್ಟೇ ನಡೆಯುತ್ತೆ, ಉಳಿದೆರಡನ್ನ ಕೇಳಿದವರೇ ಇಲ್ಲ. ಬೆಳಿಗ್ಗೆ ನಾಲ್ಕು ಸುತ್ತು ನಡೆದು ಚಹಾ ಕುಡಿದು ಬರೋದರಿಂದ ದಮ್ಮು ಸ್ವಲ್ಪ ಸುಧಾರಿಸಬಹುದು, ತೊಡೆಗೆ ಅದು ಸಾಲದು.

ಈ ಸಲದ ಹನುಮಮಾಲೆಗೆ ಹೋಗಬೇಕು ಅನ್ನುವ ಹಿರಿಯರಿಗೆ ನಾನು ಹೇಳೋದು ಇಷ್ಟು. ಹನುಮ ಜಯಂತಿ ಡಿಸೆಂಬರ್‌ನಲ್ಲಿ. ಗಣೇಶ ಚೌತಿ ಮುಗಿದ ಮೇಲೆ ಶುರು ಮಾಡಿದರೆ ಹನ್ನೆರಡು ವಾರವಾದರೂ ಸಿಗುತ್ತೆ. ಮೊದಲು ಬಿಪಿ, ಶುಗರ್, ಇಸಿಜಿ ತೋರಿಸಿಕೊಳ್ಳಿ. ಫ್ಲೋರೈಡ್‌ನಿಂದ ಕೀಲು ಬಿಗಿದವರು, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಂದಿನದನ್ನು ಮಾಡಬೇಡಿ. ಮೊದಲ ನಾಲ್ಕು ವಾರ ಕುರ್ಚಿಯಿಂದ ಏಳೋದು ಕೂರೋದು, ಹತ್ತು ಸಲದಂತೆ ಎರಡು ಮೂರು ಸುತ್ತು, ದಿನ ಬಿಟ್ಟು ದಿನ. ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲೋದು. ಆಮೇಲೆ ಮನೆಯ ಕಟ್ಟೆ ಅಥವಾ ಗುಡಿಯ ಮೆಟ್ಟಿಲು: ಸಲೀಸಾಗಿ ಹತ್ತಿ, ಮೂರು ಎಣಿಸುತ್ತ ನಿಧಾನಕ್ಕೆ ಇಳಿಯೋದು. ಎಂಟನೇ ವಾರದ ಹೊತ್ತಿಗೆ ಬೆನ್ನಿಗೆ ಎರಡು ಕೆಜಿ ಜೋಳದ ಚೀಲ, ಹತ್ತನೇ ವಾರಕ್ಕೆ ನಾಲ್ಕು. ಮಾತಾಡಲು ಆಗದಷ್ಟು ದಮ್ಮು ಬಂದರೆ ನಿಲ್ಲಿ. ಎದೆ ಬಿಗಿತ, ದವಡೆಗೋ ಎಡಗೈಗೋ ಹರಿಯುವ ನೋವು, ತಣ್ಣನೆ ಬೆವರು ಕಂಡರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಯುತ್ತ ಕೂರದೆ 108ಕ್ಕೆ ಫೋನ್ ಮಾಡಿ. ಊರ ಪಕ್ಕದ ಗುಡ್ಡದಲ್ಲಿ ಅಭ್ಯಾಸ ಮಾಡೋರು ಬೆಳಕು ಹರಿದ ಮೇಲೆ, ಜೊತೆಗೊಬ್ಬರನ್ನು ಕರ್ಕೊಂಡು ಹೋಗಿ. ಆನೆಗೊಂದಿ ಸುತ್ತಿನ ಗುಡ್ಡಗಳಲ್ಲಿ ಚಿರತೆ, ಕರಡಿ ಎರಡೂ ಇವೆ, 2020ರಲ್ಲಿ ಅಲ್ಲಿ ಚಿರತೆಗೆ ಒಬ್ಬ ಯುವಕ ಬಲಿಯಾಗಿದ್ದಾನೆ.

ಬೆಟ್ಟದಲ್ಲಿ ಆಗಬೇಕಾದ್ದಕ್ಕೆ ರೋಪ್‌ವೇ ಬರುವವರೆಗೂ ಕಾಯಬೇಕಿಲ್ಲ. ಮೆಟ್ಟಿಲ ಎರಡೂ ಬದಿಗೆ ಕೊನೆಯವರೆಗೂ ಗಟ್ಟಿ ಕಂಬಿ ಇರಬೇಕು, ಇಳಿಯುವವರ ದಾರಿ ಬೇರೆ ಆಗಬೇಕು. ಪ್ರತಿ ಐವತ್ತು ಮೆಟ್ಟಿಲಿಗೊಂದು ಕೂರುವ ಕಲ್ಲು, ನೆರಳು, ನೀರು. ಜಯಂತಿಯ ದಿನಗಳಲ್ಲಿ ನಡುದಾರಿಯಲ್ಲಿ ಹೃದಯಕ್ಕೆ ಶಾಕ್ ಕೊಡುವ ಯಂತ್ರ, ಅದನ್ನು ಬಳಸಲು ಬಲ್ಲ ಇಬ್ಬರು. ಇನ್ನೊಂದು ಸಣ್ಣ ವಿಷಯ: ರೋಪ್‌ವೇ ಬಂದ ದಿನ ಹತ್ತಲು ಬೇರೆ, ಇಳಿಯಲು ಬೇರೆ ಟಿಕೆಟ್ ಇಡಲಿ. ನಡೆದು ಹತ್ತಿ ಮೊಣಕಾಲು ಸೋತವರು ತೊಟ್ಟಿಲಲ್ಲಿ ಇಳಿಯಲಿ, ಹನ್ನೆರಡು ವಾರ ಕಾಲು ಹದ ಮಾಡಿಕೊಂಡು ಬಂದವರು ಕಂಬಿ ಹಿಡಿದು ನಡೆದೇ ಇಳಿಯಲಿ.